ಎಸ್‌ಆರ್‌ಡಿ ಆಧರಿಸಿದ ಸಾಹಸ ಪುಸ್ತಕ: ಲೈಸೆನ್ಸ್ ಕೆಲಸ ನಾನು ಮಾಡುವ ಬಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ ಐದನೇ ಆವೃತ್ತಿಗೆ ಸಾಹಸ (ಆಟಗಾರರು ಆಡುವ ಕಥೆ) ಬರೆಯಲು ಕೂತಾಗ ನಾನು ಮೊದಲು ತೆರೆಯುವುದು ಸ್ಪ್ರೆಡ್‌ಶೀಟ್. ಪ್ರತಿ ಮಾನ್‌ಸ್ಟರ್, ಮಂತ್ರ, ಮಾಯಾವಸ್ತುವಿಗೆ ಒಂದು ಸಾಲು: ಹೆಸರು, ಎಲ್ಲಿಂದ ತೆಗೆದದ್ದು, ಯಾವ ಲೈಸೆನ್ಸ್, ಏನು ಬದಲಿಸಿದೆ. ಬರೆದು ಮುಗಿಸಿದ ಮೇಲೆ ಸ್ವಂತದ್ದು ಯಾವುದು, ಎರವಲು ಯಾವುದು ಎಂದು ಬಿಡಿಸುವುದು ಬಲು ಕಷ್ಟ.

ಆಧಾರ ಎಸ್‌ಆರ್‌ಡಿ (ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್) 5.1, ಅಂದರೆ ಇತರರೂ ಬಳಸಲೆಂದು ಕೊಟ್ಟಿರುವ ಆಟದ ನಿಯಮಗಳ ದಾಖಲೆ. 2023ರ ಜನವರಿಯಲ್ಲಿ ಒಜಿಎಲ್ (ಓಪನ್ ಗೇಮ್ ಲೈಸೆನ್ಸ್, ಆಟದ ನಿಯಮಗಳನ್ನು ಇತರರು ಬಳಸಲು ಇದ್ದ ಹಳೆಯ ಲೈಸೆನ್ಸ್) ಬದಲಿಸುವ ಪ್ರಯತ್ನಕ್ಕೆ ಪ್ರಕಾಶಕರೂ ಆಟಗಾರರೂ ತಿರುಗಿಬಿದ್ದಾಗ ಆಟದ ಒಡೆತನದ ಕಂಪನಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಇದನ್ನು, ಕ್ರೆಡಿಟ್ ಕೊಟ್ಟರೆ ಯಾರಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಲೈಸೆನ್ಸ್ ಅಡಿ ಬಿಡುಗಡೆ ಮಾಡಿತು. ಕೊಟ್ಟವರು ಈ ಲೈಸೆನ್ಸನ್ನು ವಾಪಸ್ ಪಡೆಯುವಂತಿಲ್ಲ. ವರ್ಷಗಟ್ಟಲೆ ಮಾರಾಟದಲ್ಲಿರಬೇಕಾದ ಪುಸ್ತಕಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಭದ್ರತೆ.

ಹೆಚ್ಚಿನವರು ಎಡವುವುದು ಹೆಸರುಗಳಲ್ಲಿ. ಆಟದ ಮುಖ್ಯ ಪುಸ್ತಕಗಳಲ್ಲಿ ಇರುವುದೆಲ್ಲ ಎಸ್‌ಆರ್‌ಡಿಯಲ್ಲಿಲ್ಲ. ‘ಮೆಲ್ಫ್ಸ್ ಆ್ಯಸಿಡ್ ಆ್ಯರೋ’ ಅಲ್ಲಿ ಬರೀ ‘ಆ್ಯಸಿಡ್ ಆ್ಯರೋ’. ‘ಬಿಗ್ಬೀಸ್ ಹ್ಯಾಂಡ್’ ಅಲ್ಲಿ ‘ಆರ್ಕೇನ್ ಹ್ಯಾಂಡ್’. ಪ್ರತಿ ಕ್ಲಾಸಿಗೆ (ಪಾತ್ರದ ವರ್ಗಕ್ಕೆ) ಒಂದೇ ಸಬ್‌ಕ್ಲಾಸ್, ಫೀಟ್ (ಪಾತ್ರದ ವಿಶೇಷ ಸಾಮರ್ಥ್ಯ) ಎಂದರೆ ‘ಗ್ರ್ಯಾಪ್ಲರ್’ ಒಂದೇ. ಆಡಿ ಆಡಿ ಬಾಯಿಪಾಠವಾದ ಹೆಸರು ಗೊತ್ತಿಲ್ಲದೆ ನುಸುಳುತ್ತದೆ. ಅದಕ್ಕೇ ಪುಟವಿನ್ಯಾಸಕ್ಕೆ ಕೊಡುವ ಮುನ್ನ ಓರೆ ಅಕ್ಷರದಲ್ಲಿರುವ ಪ್ರತಿ ಮಂತ್ರದ ಹೆಸರನ್ನೂ ಎಸ್‌ಆರ್‌ಡಿ ಪಿಡಿಎಫ್‌ನಲ್ಲಿ ಹುಡುಕುತ್ತೇನೆ. ಯಾವ ಹೆಸರಿನಲ್ಲೂ ಆ ಮಂತ್ರ ಸಿಗದಿದ್ದರೆ ಕೈಬಿಡುತ್ತೇನೆ, ಇಲ್ಲವೇ ಹೆಸರು, ವಿವರಣೆ ಎರಡನ್ನೂ ಹೊಸದಾಗಿ ಬರೆಯುತ್ತೇನೆ.

ಎಸ್‌ಆರ್‌ಡಿಯ ಮೊದಲ ಪುಟದಲ್ಲಿ ಕೊಟ್ಟಿರುವ ಕ್ರೆಡಿಟ್ ಒಕ್ಕಣೆಯನ್ನು ಒಂದಕ್ಷರವೂ ಬದಲಿಸದೆ ಕ್ರೆಡಿಟ್ ಪುಟಕ್ಕೆ ಹಾಕಿ, ಮೂಲವನ್ನು ಮಾರ್ಪಡಿಸಿದ್ದೇನೆ ಎಂಬ ಸಾಲು ಸೇರಿಸುತ್ತೇನೆ. ಅದನ್ನು ಬಿಟ್ಟು ಕಂಪನಿಗೆ ಬೇರೆ ಕ್ರೆಡಿಟ್ ಕೊಡಬಾರದೆಂದು ಅಲ್ಲೇ ಕೇಳಿಕೊಂಡಿದ್ದಾರೆ. ಮುಖಪುಟದಲ್ಲಿ ‘5ಇ ಕಂಪ್ಯಾಟಿಬಲ್’ (ಐದನೇ ಆವೃತ್ತಿಗೆ ಹೊಂದುತ್ತದೆ) ಎನ್ನಬಹುದು. ಆಟದ ಲೋಗೋ ಹಾಕುವಂತಿಲ್ಲ, ಏಕೆಂದರೆ ಈ ಲೈಸೆನ್ಸ್ ಟ್ರೇಡ್‌ಮಾರ್ಕ್ ಹಕ್ಕು ಕೊಡುವುದಿಲ್ಲ.

ಇನ್ನೊಬ್ಬ ಪ್ರಕಾಶಕರ ಮಾನ್‌ಸ್ಟರ್ ಒಜಿಎಲ್ 1.0ಎ ಅಡಿ ಬಂದಿದ್ದರೆ ಕೆಲಸ ಹೆಚ್ಚು. ಲೈಸೆನ್ಸಿನ ಪೂರ್ಣ ಪಠ್ಯ ಅಚ್ಚಾಗಬೇಕು; ಯಾವ ಭಾಗ ಮುಕ್ತ ಎಂದು ಸ್ಪಷ್ಟವಾಗಿ ಗುರುತಿಸಬೇಕು; ಅವರ 15ನೇ ಸೆಕ್ಷನ್ನಿನ ಎಲ್ಲ ಕಾಪಿರೈಟ್ ಸಾಲುಗಳನ್ನೂ ಇಳಿಸಿಕೊಂಡು ಕೊನೆಗೆ ನಮ್ಮದನ್ನು ಸೇರಿಸಬೇಕು. ಪುಸ್ತಕದ ಹೆಸರೊಂದನ್ನೇ ಬರೆದರೆ ಅದು ಷರತ್ತಿನ ಉಲ್ಲಂಘನೆ. ಗೊತ್ತಾದ 30 ದಿನದೊಳಗೆ ಸರಿಪಡಿಸದಿದ್ದರೆ ಲೈಸೆನ್ಸ್ ರದ್ದಾಗುತ್ತದೆ. ಒಂದೆರಡು ಮಾನ್‌ಸ್ಟರ್‌ಗಾಗಿ ಇಷ್ಟೆಲ್ಲ ಬೇಡವೆಂದು ನಾನು ಸ್ವಂತದ್ದನ್ನೇ ಬರೆಯುತ್ತೇನೆ. ಒಜಿಎಲ್‌ಗೆ ಪರ್ಯಾಯವಾದ ಓಆರ್‌ಸಿ ಲೈಸೆನ್ಸ್ ಆಯ್ದರೆ ನೀವು ಸೇರಿಸಿದ ಆಟದ ನಿಯಮಗಳೂ ತಾವಾಗಿಯೇ ಇತರರಿಗೆ ಮುಕ್ತವಾಗುತ್ತವೆ. ಕಥೆ, ಪಾತ್ರ, ಚಿತ್ರಗಳು ನಿಮ್ಮಲ್ಲೇ ಉಳಿಯುತ್ತವೆ.

ಚಿತ್ರಗಳಿಗೆ ಬೇರೆಯೇ ಕರಾರು ಬೇಕು. ಮುದ್ರಿತ ಪುಸ್ತಕ, ಪಿಡಿಎಫ್, ಜಾಹೀರಾತು, ವರ್ಚುವಲ್ ಟೇಬಲ್‌ಟಾಪ್ ಟೋಕನ್ (ಆನ್‌ಲೈನ್‌ನಲ್ಲಿ ಆಡುವಾಗ ಪಾತ್ರವನ್ನು ತೋರಿಸುವ ಚಿಕ್ಕ ಚಿತ್ರ) ಎಂದು ನಾಲ್ಕನ್ನೂ ಹೆಸರಿಸಿ ಬರೆಸಿಕೊಳ್ಳುತ್ತೇನೆ. ಮುದ್ರಣದ ಹಕ್ಕಷ್ಟೇ ಇದ್ದರೆ ಟೋಕನ್ ಮಾರುವಾಗ ಕಲಾವಿದರ ಬಳಿ ಮತ್ತೆ ಒಪ್ಪಿಗೆ ಪಡೆಯಬೇಕು.