ಅಂಗಡಿಯಲ್ಲಿ ಸಿಗದ 32ಡಿ ಬ್ರಾ ನಾನೇ ಹೊಲಿದೆ: ನನ್ನ ಅನುಭವ

ಕಳೆದ ವಾರ ದಾವಣಗೆರೆಯ ಚೌಕಿಪೇಟೆಯ ಲೈನಿಂಗ್ ಅಂಗಡಿಯಲ್ಲಿ ಹಳೆಯ ಗೆಳತಿಯೊಬ್ಬಳು ಸಿಕ್ಕಳು. ಅವಳೂ ನನ್ನ ಹಾಗೆ ಬ್ಲೌಸ್ ಹೊಲಿಯುವವಳು. ನಾಲ್ಕು ವರ್ಷದ ಹಿಂದೆ ಇದೇ ಅಂಗಡಿ ಮುಂದೆ ನಿಂತು, "ಬ್ರಾ ಎಲ್ಲ ಫ್ಯಾಕ್ಟರಿ ಕೆಲಸ ಕಣೇ, ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡ" ಅಂದಿದ್ದಳು. ಈ ಸಲ ಕಿವಿ ಹತ್ತಿರ ಬಂದು, "ನಂಗೂ ಒಂದು ಹೊಲಿದು ಕೊಡ್ತೀಯಾ?" ಅಂತ ಕೇಳಿದಳು. ಅವತ್ತು ರಾತ್ರಿಯೇ ಇದನ್ನು ಬರೆಯಲು ಕೂತೆ.

ನಿಟುವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಮಷೀನು. 18 ವರ್ಷದಿಂದ ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್, ಜಿಗ್‌ಜಾಗ್. ಊರಿನ ಅರ್ಧ ಹೆಂಗಸರ ಎದೆಯಳತೆ ನನ್ನ ಪುಸ್ತಕದಲ್ಲಿದೆ. ಆದರೆ ನನ್ನದೇ ಎದೆಗೆ ಸರಿಯಾದ ಬ್ರಾ ಇರಲಿಲ್ಲ. ಮದುವೆಯಾದಾಗಿನಿಂದ 36ಬಿ ಹಾಕುತ್ತಿದ್ದೆ (ನಂಬರು ಪಟ್ಟಿಯ ಸೈಜ್, ಅಕ್ಷರ ಕಪ್ಪಿನದು). ಹಿಂದಿನ ಪಟ್ಟಿ ಮಧ್ಯಾಹ್ನದ ಹೊತ್ತಿಗೆ ಬೆನ್ನ ಮೇಲೆ ಹತ್ತಿ ಕೂರುತ್ತಿತ್ತು. ಅದು ಹತ್ತಿದಷ್ಟು ಮುಂದೆ ಎದೆ ಜೋಲುತ್ತಿತ್ತು. ಜೋಲಬಾರದು ಅಂತ ಭುಜದ ಪಟ್ಟಿ ಬಿಗಿ ಮಾಡುತ್ತಿದ್ದೆ. ಭುಜದಲ್ಲಿ ಗುಳಿ ಬಿತ್ತು. ಏಪ್ರಿಲ್ ಬಂತೆಂದರೆ ಎದೆಯ ಕೆಳಗೆ ಬೆವರುಗುಳ್ಳೆ, ಉರಿ. ನಮ್ಮ ದಾವಣಗೆರೆ ಬಿಸಿಲು ನಿಮಗೆ ಗೊತ್ತಲ್ಲ.

36 ಅಂತ ಯಾರು ಅಳೆದರು? ಯಾರೂ ಅಳೆಯಲಿಲ್ಲ. ಮೊದಲ ಸಲ ಅಂಗಡಿಯವರು ನೋಡಿಯೇ ಡಬ್ಬ ತೆಗೆದುಕೊಟ್ಟರು. ನಾವು ಬೇಗ ಕವರಿಗೆ ಹಾಕಿಸಿಕೊಂಡು ಹೊರಟು ಬಂದೆವು. ಆಮೇಲೆ ಅದೇ ನಂಬರು.

ಒಂದು ದಿನ ಬಾಗಿಲು ಹಾಕಿಕೊಂಡು ಟೇಪ್ ಹಿಡಿದೆ. ಎದೆಯ ಕೆಳಗೆ ಬಿಗಿಯಾಗಿ 31½ ಇಂಚು. ಎದೆ ಮೇಲೆ ನಿಂತಾಗ 36, ಬಾಗಿದಾಗ 37. ಹಳೆಯ ಲೆಕ್ಕದಲ್ಲಿ ಕೆಳಗಿನ ಅಳತೆಗೆ 4 ಸೇರಿಸಿ ಪಟ್ಟಿಯ ಸೈಜ್ ಹೇಳುತ್ತಾರೆ. ಹಾಗೆ ನನಗೆ 36 ಬಂದಿತ್ತು. ಆ 4 ಇಂಚೇ ನನ್ನ ಬೆನ್ನು ಹತ್ತುತ್ತಿದ್ದದ್ದು! ಏನೂ ಸೇರಿಸದೆ ನೋಡಿದರೆ ಪಟ್ಟಿ 32. ನಿಂತಾಗಿನ ಎದೆಯಳತೆಗೂ ಈ 32ಕ್ಕೂ ನಾಲ್ಕು ಇಂಚು ವ್ಯತ್ಯಾಸ, ಅಂದರೆ ಕಪ್ ಡಿ. 36ಬಿ, 34ಸಿ, 32ಡಿ ಈ ಮೂರರ ಕಪ್ಪಿನಲ್ಲಿ ಹಿಡಿಸುವುದು ಹೆಚ್ಚುಕಮ್ಮಿ ಒಂದೇ. ಅಂದರೆ ಇಷ್ಟು ವರ್ಷ ಕಪ್ ಸರಿಯಿತ್ತು, ಪಟ್ಟಿ ತಪ್ಪಿತ್ತು.

ಮಂಡಿಪೇಟೆಯಿಂದ ಪಿ.ಜೆ. ಬಡಾವಣೆವರೆಗೆ ಆರೇಳು ಅಂಗಡಿ ಸುತ್ತಿದೆ. 32ರಲ್ಲಿ ಬಿ ಇದೆ, ಡಿ ಇಲ್ಲ. "ಡಿ ಅಂದ್ರೆ ದಪ್ಪ ಇರೋರಿಗೆ ಮೇಡಂ, ನಿಮಗ್ಯಾಕೆ" ಅಂದರು ಒಬ್ಬರು. ಮಗಳು ಫೋನಿನಲ್ಲಿ ತರಿಸಿದಳು. ಮೂರು ಬಂದವು, ಎರಡು ವಾಪಸ್ ಹೋದವು. ಉಳಿದದ್ದಕ್ಕೆ ಸುಮಾರು 900 ರೂಪಾಯಿ. ಪಟ್ಟಿ ಚೆನ್ನಾಗಿ ಕೂತಿತು. ಆದರೆ ಅಚ್ಚಿನಲ್ಲಿ ಒತ್ತಿದ ಫೋಮ್ ಕಪ್ಪಿನ ಮೇಲ್ಭಾಗ ನನಗೆ ಖಾಲಿ ನಿಂತಿತು. ಎರಡು ಮಕ್ಕಳಿಗೆ ಹಾಲು ಕುಡಿಸಿದ ಎದೆ ನನ್ನದು, ಕೆಳಗೆ ತುಂಬಿದೆ, ಮೇಲೆ ಇಳಿದಿದೆ. ಕಸ ಗುಡಿಸಲು ಬಾಗಿದರೆ ಕಪ್ಪಿನೊಳಗೆ ಬೆರಳು ಆಡಿಸುವಷ್ಟು ಜಾಗ. ಅಲ್ಲಿಗೆ ಗೊತ್ತಾಯಿತು, ಸೈಜ್ ಬೇರೆ, ಆಕಾರ ಬೇರೆ. ನಂಬರು ಸರಿ ಬಂದರೆ ಅರ್ಧ ಕೆಲಸ ಮಾತ್ರ.

ಧೈರ್ಯ ಬಂದದ್ದು ಅಜ್ಜಿಯ ಕುಪ್ಪಸದಿಂದ. ಟ್ರಂಕ್ ಜಾಲಾಡುವಾಗ ಖಣದ ಹಳೆಯ ಕುಪ್ಪಸ ಸಿಕ್ಕಿತು. ಅಜ್ಜಿ ಒಳಗೆ ಬಾಡಿ ಗೀಡಿ ಏನೂ ಹಾಕುತ್ತಿರಲಿಲ್ಲ. ಹೊಲದ ಕೆಲಸ ಮಾಡಿದ ಹೆಂಗಸು. ತೊಟ್ಟು ನೋಡಿದೆ. ಎದೆಯ ಸರಿಯಾಗಿ ಕೆಳಗೆ ಎರಡು ತುದಿ ಎಳೆದು ಗಂಟು ಹಾಕುತ್ತಾರಲ್ಲ, ಆ ಗಂಟು ಬಿಗಿದ ತಕ್ಷಣ ಎದೆ ಎತ್ತಿ ನಿಂತಿತು. ಭುಜದ ಮೇಲೆ ಭಾರವೇ ಇಲ್ಲ. ಹಿಡಿಯುವುದು ಕೆಳಗಿನ ಪಟ್ಟಿ, ಭುಜವಲ್ಲ. ಈ ಮಾತನ್ನು ನೂರು ಸಲ ಕೇಳಿದ್ದೆ, ಮೈಗೆ ಗೊತ್ತಾದದ್ದು ಅವತ್ತು.

ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. "ನೂರೈವತ್ತು ರೂಪಾಯಿಗೆ ಸಿಗೋದಕ್ಕೆ ಇಷ್ಟು ಒದ್ದಾಟವಾ" ಅಂದರು ಅತ್ತೆ. ಫ್ಯಾಕ್ಟರಿ ಕೆಲಸ ಅಂದವರಿಗೆ ನಾನು ಒಂದೇ ಮಾತು ಹೇಳುತ್ತಿದ್ದೆ. 1914ರಲ್ಲಿ ಅಮೆರಿಕದಲ್ಲಿ ಬ್ರಾಗೆ ಪೇಟೆಂಟ್ ತಗೊಂಡ ಮೇರಿ ಫೆಲ್ಪ್ಸ್ ಜೇಕಬ್ ಅದನ್ನು ಮೊದಲು ಮಾಡಿದ್ದು ಎರಡು ಕರ್ಚೀಫು, ಒಂದಿಷ್ಟು ರಿಬ್ಬನ್ ಸೇರಿಸಿ, ಮನೆಯಲ್ಲೇ. ನಮ್ಮ ಹತ್ತಿರ ಮಷೀನ್ ಇದೆ, ಕಟೋರಿ ಕಟ್ (ಬ್ಲೌಸಿನ ಎದೆಗೆ ಬಟ್ಟಲಿನಾಕಾರದ ಕಟಿಂಗ್) ಗೊತ್ತಿದೆ. ನಮಗೇಕೆ ಬರಲ್ಲ?

ಆದರೆ ಬರಲು ಏಳೆಂಟು ತಿಂಗಳು ಹಿಡಿಯಿತು.

ಮೊದಲನೆಯದಕ್ಕೆ ಹಳೆಯ ಬ್ರಾ ಬಿಚ್ಚಿ ಪೇಪರ್ ಮೇಲೆ ಇಟ್ಟು ಕಾಪಿ ಮಾಡಿದೆ. ಹಳೆಯದರ ತಪ್ಪೆಲ್ಲ ಹೊಸದಕ್ಕೂ ಬಂತು. ವರ್ಷಗಟ್ಟಲೆ ತೊಳೆದು ಎಳೆದುಹೋದ ಪಟ್ಟಿಯನ್ನು ಕಾಪಿ ಮಾಡಿದರೆ ಇನ್ನೇನಾಗುತ್ತದೆ? ಎರಡನೆಯದಕ್ಕೆ ಪಾಪ್ಲಿನ್ ಪಟ್ಟಿಯನ್ನು ಸರಿಯಾಗಿ ಅಳತೆಗೆ ಕತ್ತರಿಸಿದೆ. ನಿಂತಾಗ ಅದ್ಭುತ. ಊಟಕ್ಕೆ ಕೂತಾಗ ಎರಡನೇ ರೊಟ್ಟಿಗೆ ಉಸಿರು ಕಟ್ಟಿತು. ಕೂತರೆ, ಉಸಿರೆಳೆದರೆ ಪಕ್ಕೆಲುಬು ಅಗಲವಾಗುತ್ತದೆ, ಪಟ್ಟಿಯೂ ಅದರ ಜೊತೆ ಹಿಗ್ಗಬೇಕು. ಮೂರನೆಯದಕ್ಕೆ ಎಲಾಸ್ಟಿಕ್ ಹಾಕಿದೆ, ಆದರೆ ಸಾದಾ ಹೊಲಿಗೆ. ಗಡಿಯಾರಕ್ಕೆ ಸೆಲ್ ಹಾಕಲು ಕೈ ಎತ್ತಿದೆ. ಸಾದಾ ಹೊಲಿಗೆ ಎಲಾಸ್ಟಿಕ್ ಜೊತೆ ಹಿಗ್ಗುವುದಿಲ್ಲ, ದಾರ ಪಟಪಟ ಅಂತ ಕಿತ್ತು ಬಂತು. ಆಮೇಲೆ ಹೊಳೆಯಿತು, ಸೀರೆಗೆ ಜಿಗ್‌ಜಾಗ್ ಹೊಡೆಯುವ ಮಷೀನ್ ಪಕ್ಕದಲ್ಲೇ ಇದೆಯಲ್ಲ! ಹೊಸ ಮಷೀನ್ ಕೊಳ್ಳಲು 15 ಸಾವಿರ ಸಾಲ ಕೇಳುವವಳಿದ್ದೆ, ತಪ್ಪಿತು. 11ನೇ ನಂಬರಿನ ಬಾಲ್ ಪಾಯಿಂಟ್ (ತುದಿ ಉರುಟಾದ) ಸೂಜಿ ಹಾಕಿ. ಸಾದಾ ಸೂಜಿ ಬನಿಯನ್ ಬಟ್ಟೆಯನ್ನೂ ಎಲಾಸ್ಟಿಕ್ಕನ್ನೂ ತೂತು ಮಾಡಿ ಹಾಳು ಮಾಡುತ್ತದೆ.

ಐದನೆಯದೋ ಆರನೆಯದೋ, ಕಪ್ ಶಂಖದ ಹಾಗೆ ಚೂಪಾಗಿ ಬಂತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕಟೋರಿ ಹೊಲಿಯುವವರೆಲ್ಲ ಇಲ್ಲೇ ಎಡವುತ್ತಾರೆ. ಬ್ಲೌಸ್ ಹೊಲಿಯುವಾಗ ಒಳಗಿನ ಬ್ರಾ ಆಗಲೇ ಆಕಾರ ಕೊಟ್ಟಿರುತ್ತದೆ. ನಾವು ಟಕ್ಸ್ (ಆಕಾರಕ್ಕೆ ಹೊಲಿಯುವ ಚೂಪು ಮಡಿಕೆ) ಹಿಡಿದು ಅದರ ಮೇಲೆ ಮುಚ್ಚುತ್ತೇವೆ ಅಷ್ಟೇ. ಬ್ರಾ ಕೂರುವುದು ಮೆತ್ತಗಿನ ಮೈಮೇಲೆ, ಅಲ್ಲಿ ಬಟ್ಟೆಯೇ ಆಕಾರ ಕೊಡಬೇಕು. ಮೇಲಿನ ಪೀಸು, ಕೆಳಗಿನ ಪೀಸು ಸೇರುವ ಗೆರೆ ಎದೆಯ ತುದಿಯಲ್ಲಿ ಮೂಲೆಯಂತೆ ತಿರುಗಿದರೆ ಚೂಪು ಖಂಡಿತ. ಆ ತುದಿಯ ಎರಡೂ ಕಡೆ ಒಂದೊಂದು ಇಂಚು ಗೆರೆಯನ್ನು ಬಹುತೇಕ ಚಪ್ಪಟೆ ಇಟ್ಟು, ಆಮೇಲೆ ನಿಧಾನಕ್ಕೆ ಬಾಗಿಸಿ. ಚಾಕ್‌ನಲ್ಲಿ ಗೆರೆ ಎಳೆದ ಮೇಲೆ ಎರಡು ಪೀಸನ್ನೂ ಅಂಚಿಗೆ ಅಂಚು ಜೋಡಿಸಿ ನೋಡಿ. ಕಣ್ಣಿಗೆ ಮೂಲೆ ಕಂಡರೆ ಮೈಮೇಲೂ ಕಾಣುತ್ತದೆ.

ಕಪ್ಪಿನ ಬುಡದ ಅಳತೆ ತೆಗೆಯುವುದು ಇನ್ನೊಂದು ಕಷ್ಟ. ಟೇಪಿನಲ್ಲಿ ಬರುವುದಿಲ್ಲ. ಮನೆಯಲ್ಲಿ ವೈರಿಂಗ್ ಮಾಡಿಸಿದಾಗ ಉಳಿದ 2.5 ಎಂ.ಎಂ. ತಾಮ್ರದ ವೈರು ಇತ್ತು, ಪ್ಲಾಸ್ಟಿಕ್ ಹೊದಿಕೆ ಇರುವುದು. ಒಂದು ಅಡಿ ತುಂಡು ತೆಗೆದು ತುದಿಗಳನ್ನು ಟೇಪಿನಿಂದ ಸುತ್ತಿ, ಎದೆಯನ್ನು ಮೇಲೆತ್ತಿ, ಕೆಳಗಿನ ಮಡಿಕೆಗೆ ಒತ್ತಿ ಕಂಕುಳಿನ ತನಕ ಬಾಗಿಸಿದೆ. ಮೆಲ್ಲಗೆ ತೆಗೆದು ಪೇಪರ್ ಮೇಲೆ ಇಟ್ಟು ಪೆನ್ಸಿಲ್ ಓಡಿಸಿದೆ. ಬಲಗಡೆ ಮಾಡಿದ್ದನ್ನು ಎಡಗಡೆಗೆ ಹಿಡಿದರೆ ಹೊಂದಲಿಲ್ಲ. ಎಡಗಡೆಯದು ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ ಅಗಲ. ನಲವತ್ತೆರಡು ವರ್ಷ ಈ ಮೈಯಲ್ಲಿ ಇದ್ದೀನಿ, ಗೊತ್ತೇ ಇರಲಿಲ್ಲ. ಎರಡೂ ಕಡೆ ಒಂದೇ ಇರುವವರು ಕಮ್ಮಿ. ದೊಡ್ಡ ಕಡೆಗೆ ಕಪ್ ಕತ್ತರಿಸಿ, ಚಿಕ್ಕ ಕಡೆಗೆ ಒಳಗೆ ತೆಳುವಾದ ಪ್ಯಾಡ್ ಇಡಬೇಕು. ತಿರುಗಾ ಮುರುಗಾ ಮಾಡಿದರೆ ದೊಡ್ಡ ಕಡೆ ಉಕ್ಕುತ್ತದೆ.

ಕಪ್ಪಿನ ಬುಡಕ್ಕೆ ಕಂಬಿ ಹಾಕಿದ ಪ್ರಯೋಗವೂ ಮಾಡಿದೆ. ಹಳೆಯ ಬ್ರಾದಿಂದ ತೆಗೆದ ಕಂಬಿ ಮೂರನೇ ವಾರಕ್ಕೆ ಬಟ್ಟೆ ತೂರಿ ಕಂಕುಳಿಗೆ ಚುಚ್ಚಿತು. ಈಗ ಕಂಬಿ ಹಾಕುವುದಿಲ್ಲ. ಕಪ್ಪಿನ ಪಕ್ಕಕ್ಕೆ ಒಳಗಿನಿಂದ ಉದ್ದ ದಾರದ (ಎಳೆದರೆ ಹಿಗ್ಗದ ನೇರ ಎಳೆಯ) ಬಟ್ಟೆಯ ಒಂದು ಆಸರೆ ಪಟ್ಟಿ ಕೊಡುತ್ತೇನೆ, ಎದೆ ಕಂಕುಳ ಕಡೆ ಜಾರದೆ ಮುಂದೆ ನಿಲ್ಲುತ್ತದೆ.

ಹನ್ನೊಂದನೆಯದು ಕೂತಿತು. ಕಪ್ಪಿಗೆ ತೊಳೆದು ಕುಗ್ಗಿಸಿದ ಮೆತ್ತನೆಯ ಕಾಟನ್, ಎರಡು ಪದರ. ಹಿಂದಿನ ಪಟ್ಟಿಗೆ ಪವರ್ ನೆಟ್, ಅಂದರೆ ಬಿಗಿಯಾಗಿ ಹಿಗ್ಗುವ ಜಾಲರಿ ಬಟ್ಟೆ. ನನ್ನ 31½ಕ್ಕೆ ಪಟ್ಟಿ ಎಳೆಯದೆ ಹಾಸಿದಾಗ ಹುಕ್ ಸೇರಿ 26 ಇಂಚಿನ ಆಸುಪಾಸು. ಮೇಲಿನ ಪೀಸಿನ ಕುತ್ತಿಗೆ ಅಂಚಿನಲ್ಲಿ ಮುಕ್ಕಾಲು ಇಂಚು ತೆಗೆದೆ, ಅಲ್ಲಿನ ಖಾಲಿ ಹೋಯಿತು. ಕೆಳಗಿನ ಪೀಸನ್ನು ಎರಡು ಮಾಡಿ ಆಳ ಕೊಟ್ಟೆ. ಆ ಆಳ ಎಷ್ಟು ಅನ್ನುವ ಲೆಕ್ಕ ಮಾತ್ರ ಇಲ್ಲಿ ಬರೆಯಲ್ಲ. ಏಳೆಂಟು ತಿಂಗಳ ಬೆವರು ಅದು. ಪಟ್ಟಿಯ ಎಳೆತವನ್ನು ಪಕ್ಕಕ್ಕೆ ಎಷ್ಟು, ಬೆನ್ನಿಗೆ ಎಷ್ಟು ಹಂಚಬೇಕು ಅನ್ನುವುದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಪರೀಕ್ಷೆಗೆ ಹಾಕಿಕೊಂಡು ಸ್ಕೂಟಿಯಲ್ಲಿ ಹರಿಹರಕ್ಕೆ ಹೋಗಿ ಬಂದೆ. ದಾರಿಯ ಹಂಪ್‌ಗಳನ್ನು ಬೇಕೆಂದೇ ನಿಧಾನ ಮಾಡದೆ ದಾಟಿದೆ. ಮನೆಗೆ ಬಂದು ಕನ್ನಡಿ ಮುಂದೆ ನೋಡಿದರೆ ಪಟ್ಟಿ ಬೆನ್ನಿಗೆ ನೇರ, ಹೊರಟಾಗ ಇದ್ದ ಜಾಗದಲ್ಲೇ. ಕೈ ಎತ್ತಿದರೂ ಕೆಳಗಿನ ಅಂಚು ಏಳಲಿಲ್ಲ. ಹಿಂದೆ ಎರಡು ಬೆರಳು ತೂರುತ್ತಿತ್ತು, ಮುಷ್ಟಿ ತೂರುತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಬಿಚ್ಚಬೇಕು ಅನ್ನುವುದೇ ನೆನಪಾಗಲಿಲ್ಲ. ಆ ಏಪ್ರಿಲ್‌ನಲ್ಲಿ ಗುಳ್ಳೆ ಏಳಲಿಲ್ಲ. ಇದಕ್ಕಿಂತ ದೊಡ್ಡ ಸಂತೋಷ ನನ್ನ ಕೆಲಸದಲ್ಲಿ ನನಗೆ ಸಿಕ್ಕಿಲ್ಲ.

ದುಡ್ಡಿನ ಮಾತು. ಹಾಳಾದ ಹತ್ತು ಬ್ರಾ, ತಪ್ಪು ಎಲಾಸ್ಟಿಕ್, ಓಡಾಟ ಎಲ್ಲ ಸೇರಿ ನಾಲ್ಕು ಸಾವಿರ ಹೋಗಿರಬೇಕು. ಅದರಲ್ಲಿ ಸಾವಿರದಷ್ಟು ಎಲಾಸ್ಟಿಕ್ಕಿಗೇ. ಲಂಗದ, ಪ್ಯಾಂಟಿನ ಎಲಾಸ್ಟಿಕ್ ಹಾಕಲೇಬೇಡಿ. ಒರಟು, ಹತ್ತು ತೊಳೆತಕ್ಕೆ ಸೋಲುತ್ತದೆ. ಒಂದು ಬದಿ ಮಖಮಲ್ಲಿನಂತೆ ಮೆತ್ತಗಿರುವುದು ಬೇಕು. ನಾನು ಬೆಂಗಳೂರಿನ ಚಿಕ್ಕಪೇಟೆಯಿಂದ ತರುತ್ತೇನೆ. ಯಾವ ಗಲ್ಲಿ ಅಂತ ನೀವೇ ಹುಡುಕಿ, ನಾನೂ ಎರಡು ದಿನ ಸುತ್ತಿದ್ದೇನೆ. ಈಗ ಒಂದಕ್ಕೆ ಸಾಮಾನಿನ ಖರ್ಚು 105, 110 ಬೀಳುತ್ತದೆ. ಮೊದಲು ಐದು ಗಂಟೆ ಹಿಡಿಯುತ್ತಿತ್ತು, ಈಗ ಒಂದೂವರೆ. 400 ತಗೊಳ್ಳುತ್ತೇನೆ. ಜಾಸ್ತಿ ಅಂದವರೂ ಎರಡನೆಯದಕ್ಕೆ ಬರುತ್ತಾರೆ. 140ರ ಮೇಲೆ ಹೊಲಿದಿದ್ದೇನೆ.

ಒಬ್ಬೊಬ್ಬರದು ಒಂದೊಂದು ಆಕಾರ. ಕಾಲೇಜಿನ ಹುಡುಗಿಯೊಬ್ಬಳಿಗೆ ಮೇಲೆ ತುಂಬಿದ ಎದೆ. ಯಾವ ಬ್ರಾ ಹಾಕಿದರೂ ಅಂಚು ಕೊಯ್ದು ನಾಲ್ಕು ಎದೆಯಂತೆ ಕಾಣುತ್ತಿತ್ತು. ಅವಳಿಗೆ ಮೇಲಿನ ಪೀಸನ್ನು ಹಿಗ್ಗುವ ಬನಿಯನ್ ಬಟ್ಟೆಯಲ್ಲಿ ಕೊಟ್ಟೆ, ಅಂಚಿಗೆ ಎಲಾಸ್ಟಿಕ್ ಎಳೆಯದೆ ಹಾಕಿದೆ. ಇನ್ನೊಬ್ಬರದು ಅಗಲ ಬುಡ, ಆಳ ಕಮ್ಮಿ. ಅವರಿಗೆ ಡಿ ಬಂದರೂ ಕಪ್ ತಟ್ಟೆಯಂತೆ ಹರಡಿರಬೇಕು, ಬಟ್ಟಲಂತಲ್ಲ. ಭುಜ ಇಳಿಜಾರಿದ್ದವರಿಗೆ ಭುಜದ ಪಟ್ಟಿಗಳನ್ನು ಹಿಂದೆ ಬೆನ್ನಲ್ಲಿ ಹತ್ತಿರ ತಂದರೆ ಜಾರುವುದು ನಿಲ್ಲುತ್ತದೆ.

ಮರೆಯದ ಪ್ರಯೋಗ ಒಂದಿದೆ. ಕ್ಯಾನ್ಸರ್ ಆಪರೇಷನ್ ಆಗಿ ಒಂದು ಕಡೆ ಎದೆ ತೆಗೆದ ಅಕ್ಕ ಒಬ್ಬರು ಬಂದರು. ಗಾಯ ಪೂರ್ತಿ ಮಾಗಿ, ಡಾಕ್ಟರ್ ಹಾಕಬಹುದು ಅಂದ ಮೇಲೆ. ಹತ್ತಿ ತುಂಬಿಸಿ ಕೊಟ್ಟೆ. ಹಗುರವಾಗಿ ಆ ಕಡೆ ಮೇಲೇರುತ್ತಿತ್ತು. ಭಾರ ಬೇಕು. ಹಸುಗೂಸಿಗೆ ಸಾಸಿವೆ ದಿಂಬು ಮಾಡುತ್ತೇವಲ್ಲ, ಹಾಗೆ ಮೆತ್ತನೆ ಬಟ್ಟೆಯ ಚೀಲದಲ್ಲಿ ಸಾಸಿವೆ ತುಂಬಿದೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಸ್ವಲ್ಪ ಸ್ವಲ್ಪ ತೆಗೆದು ಹಾಕಿ, ಎರಡೂ ಕಡೆ ಸಮ ಬರುವ ತನಕ ಕೂತೆವು. ಕಪ್ಪಿನ ಒಳಗೆ ಜೇಬು ಹೊಲಿದೆ, ಒಗೆಯುವಾಗ ಚೀಲ ಹೊರಗೆ ತೆಗೆಯಲು. ಅಕ್ಕ ಸೆರಗು ಹೊದ್ದು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು. ಅವರ ಹತ್ತಿರ ದುಡ್ಡು ತಗೊಳ್ಳಲಿಲ್ಲ.

ಇದರಿಂದ ಬ್ಲೌಸಿಗೂ ಲಾಭವಾಯಿತು. ಈಗ ಅಳತೆಗೆ ಬಂದವರ ಬ್ರಾ ಪಟ್ಟಿ ಮೊದಲು ನೋಡುತ್ತೇನೆ. ಜೋಲಿದ ಬ್ರಾ ಮೇಲೆ ಅಳೆದರೆ ಟಕ್ಸ್ ಪಾಯಿಂಟ್ ಒಂದು ಇಂಚು ಕೆಳಗೆ ಬೀಳುತ್ತದೆ, ಆಮೇಲೆ ರಿಪೇರಿಗೆ ನಮ್ಮ ತಲೆ ತಿನ್ನುತ್ತಾರೆ. ಹೊಸ ಬ್ರಾವನ್ನು ಸಡಿಲ ಸಾಲಿನ ಹುಕ್ಕಿಗೇ ಹಾಕಿ ಅಂತಲೂ ಹೇಳಿ ಕಳಿಸುತ್ತೇನೆ. ಪಟ್ಟಿ ಹಿಗ್ಗುತ್ತಾ ಬಂದ ಹಾಗೆ ಒಳಗಿನ ಸಾಲಿಗೆ ಬರಬೇಕು. ಮೊದಲ ದಿನವೇ ಬಿಗಿ ಸಾಲಿಗೆ ಹಾಕಿದರೆ ಆಮೇಲೆ ಹೋಗಲು ಜಾಗವಿಲ್ಲ.

ಗೆಳತಿ ನಿನ್ನೆ ಬಂದಿದ್ದಳು. ಬಾಗಿಲು ಹಾಕಿ ಟೇಪ್ ಹಿಡಿದೆ. ಇಷ್ಟು ವರ್ಷ 38 ಹಾಕುತ್ತಿದ್ದಾಳೆ. ಕೆಳಗೆ 33½ ಬಂತು. "ಇನ್ನೊಂದ್ಸಲ ಅಳಿ" ಅಂದಳು. ಅಳೆದೆ, ಅಷ್ಟೇ ಬಂತು. ಶುಕ್ರವಾರ ಟ್ರಯಲ್. ಬಿಳಿ ಎಲಾಸ್ಟಿಕ್ ಒಂದೂವರೆ ಮೀಟರ್ ಮಾತ್ರ ಉಳಿದಿದೆ, ನಾಳೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟಿದ್ದೇನೆ.