ರೇಸಿಸಂ ಎಂದರೇನು: ವ್ಯಾಖ್ಯಾನ ಬರೆಯುವವರಿಗೆ

ಬಳ್ಳಾರಿ, ರಾಯಚೂರು ಕಡೆ ‘ನಿಮ್ಮದು ಯಾವ ಜನಾಂಗ?’ ಎಂದರೆ ಕೇಳಿದ್ದು ಜಾತಿ. ‘ಮುಂದಿನ ಜನಾಂಗ’ ಎಂದರೆ ಮಕ್ಕಳು-ಮೊಮ್ಮಕ್ಕಳು. ಹೀಗಾಗಿ ರೇಸಿಸಂಗೆ ‘ಜನಾಂಗೀಯತೆ’ ಎಂಬ ಪದ ಹಿಡಿದು ಶೀರ್ಷಿಕೆ ಕೊಟ್ಟ ಎಂ.ಎ. ಪ್ರಬಂಧ ಎರಡನೇ ಪುಟಕ್ಕೇ ಜಾತಿಯತ್ತ ಜಾರಿರುತ್ತದೆ. ‘ವರ್ಣಭೇದ’ವೂ ಪೂರ್ತಿ ಕೈಹಿಡಿಯದು. ಅದು ಚಾತುರ್ವರ್ಣ್ಯವನ್ನು ನೆನಪಿಸುತ್ತದೆ, ಇಲ್ಲವೇ ಮೈಬಣ್ಣಕ್ಕೆ ನಿಂತುಬಿಡುತ್ತದೆ. ನಾಜಿಗಳು ಯಹೂದಿಗಳನ್ನು ಕೊಂದದ್ದು ಬಣ್ಣ ನೋಡಿ ಅಲ್ಲ. ಯಾವ ಪದ, ಯಾವ ಅರ್ಥ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ‘ರೇಸಿಸಂ’ ಎಂದೇ ಇಟ್ಟುಕೊಂಡರೂ ತಪ್ಪಿಲ್ಲ.

ವ್ಯಾಖ್ಯಾನಕ್ಕೆ ಮೂರು ಅಂಗ ಬೇಕು: ಹುಟ್ಟಿನಿಂದ ಬಂದವೆಂದು ನಂಬಿದ ಗುಣಗಳ ಮೇಲೆ ಜನರನ್ನು ಗುಂಪು ಮಾಡುವುದು, ಆ ಗುಂಪುಗಳಿಗೆ ಮೇಲು-ಕೀಳು ಹಚ್ಚುವುದು, ಅದರಂತೆ ಕೆಲಸ, ಮನೆ, ನ್ಯಾಯ ಹಂಚುವುದು. ‘ನಂಬಿದ’ ಎಂಬುದನ್ನು ಬಿಡಬೇಡಿ. ಬಿಟ್ಟರೆ ರೇಸ್, ಅಂದರೆ ಹುಟ್ಟಿನಿಂದಲೇ ಬೇರೆ ಎಂದು ಎಣಿಸಿದ ಜನಗುಂಪು, ಜೀವಶಾಸ್ತ್ರದ ಸತ್ಯವೆಂದು ನೀವೇ ಒಪ್ಪಿದಂತೆ. ಯುನೆಸ್ಕೊ 1950ರಲ್ಲೇ ರೇಸನ್ನು ಸಾಮಾಜಿಕ ಮಿಥ್ಯೆ ಎಂದಿತ್ತು.

ಜಗಳವಿರುವುದು ಮೂರನೆಯ ಅಂಗದಲ್ಲಿ. ಒಬ್ಬನ ದ್ವೇಷ ಸಾಕೇ, ವ್ಯವಸ್ಥೆಯ ಬಲ ಬೇಕೇ? 1967ರಲ್ಲಿ ಅಮೆರಿಕದ ಕಪ್ಪು ಜನರ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್, ರಾಜ್ಯಶಾಸ್ತ್ರಜ್ಞ ಚಾರ್ಲ್ಸ್ ಹ್ಯಾಮಿಲ್ಟನ್ ‘ಸಾಂಸ್ಥಿಕ ರೇಸಿಸಂ’ ಎಂಬ ಮಾತು ಮುಂದಿಟ್ಟರು. ಅಂದರೆ ವ್ಯಕ್ತಿಯ ದ್ವೇಷವಲ್ಲ, ಸಂಸ್ಥೆಗಳ ನಡೆಯಲ್ಲೇ ಇರುವ ರೇಸಿಸಂ. 1999ರಲ್ಲಿ ಬ್ರಿಟನ್ನಿನ ಮ್ಯಾಕ್‌ಫರ್ಸನ್ ವಿಚಾರಣಾ ವರದಿ ಅದನ್ನು ಲಂಡನ್ ಪೊಲೀಸರಿಗೆ ಹಚ್ಚಿತು. ಬೇಕೆಂದೇ ಮಾಡದಿದ್ದರೂ ಅದು ನಡೆಯಬಲ್ಲದು ಎಂದಿತು. ನೀವು ಯಾವ ಪಕ್ಷ ಹಿಡಿದಿದ್ದೀರಿ ಎಂದು ಬರೆಯಿರಿ. ಒಂದು ಪುಟದಲ್ಲಿ ಇದು, ಇನ್ನೊಂದರಲ್ಲಿ ಅದು ಎಂದಾದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ರೇಸ್ ತಾರತಮ್ಯ ತೊಡೆಯಲೆಂದು ಮಾಡಿದ 1965ರ ವಿಶ್ವಸಂಸ್ಥೆ ಒಪ್ಪಂದವನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಅದು ವ್ಯಾಖ್ಯಾನಿಸಿದ್ದು ರೇಸಿಸಂ ಅಲ್ಲ, ತಾರತಮ್ಯ. ಅದರಲ್ಲಿರುವ ‘ವಂಶ’ ಎಂಬ ಪದದೊಳಗೆ ಜಾತಿಯೂ ಬರುತ್ತದೆಂದು ಒಪ್ಪಂದದ ಸಮಿತಿ 2002ರಲ್ಲಿ ಹೇಳಿತು, ಭಾರತ ಸರ್ಕಾರ ಒಪ್ಪಲಿಲ್ಲ. ಜಾತಿ ಎಂಬುದು ರೇಸಿನ ವಿಭಜನೆಯಲ್ಲ ಎಂದು ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. ಹೋಲಿಸಿ, ಒಂದೇ ಎನ್ನಬೇಡಿ.

ಬರೆದದ್ದನ್ನು ಇಲ್ಲಿನ ಬದುಕಿಗೆ ಹಚ್ಚಿ ನೋಡಿ. ಕೊಪ್ಪಳದ ಹುಡುಗನ ‘ಹೌದಲ್ರಿ’ ಕೇಳಿ ಬೆಂಗಳೂರಿನಲ್ಲಿ ನಕ್ಕರೆ? ಮಾತು ಬದಲಿಸಿದರೆ ನಗೆ ನಿಲ್ಲುತ್ತದೆ. ಅದು ಪ್ರಾದೇಶಿಕ ತಾತ್ಸಾರ. ತೋರಣಗಲ್ಲಿನಲ್ಲಿ ಮಣಿಪುರದ ಕೆಲಸಗಾರನ ಮುಖ ನೋಡಿ ‘ಚೀನಾದವ’ ಎಂದು ಬಾಡಿಗೆಗೆ ಮನೆ ಕೊಡದಿದ್ದರೆ? ಎಷ್ಟು ಚೆಂದ ಕನ್ನಡ ಕಲಿತರೂ ಮುಖ ಬದಲಾಗದು. ಮೂರೂ ಅಂಗ ಇಲ್ಲಿವೆ. ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲೇ, ಅಂದರೆ ಬಂಗಾಳಿ ನಿರಾಶ್ರಿತರ ಪುನರ್ವಸತಿ ನೆಲೆಯಲ್ಲೇ, ಹುಟ್ಟಿದವರನ್ನು ‘ಬಾಂಗ್ಲಾದವರು’ ಎಂದು ದೂರವಿಟ್ಟರೆ? ಬಣ್ಣದ ವ್ಯಾಖ್ಯಾನಕ್ಕೆ ಇದು ಸಿಗುವುದೇ ಇಲ್ಲ. ನಿಮ್ಮ ವ್ಯಾಖ್ಯಾನಕ್ಕೂ ಸಿಗದಿದ್ದರೆ ಮೊದಲ ಸಾಲಿಗೆ ಮರಳಿ, ಪದ ಬದಲಿಸಿ.