ಬಾಯಿ ಆಡಿದರೆ ರೆಪ್ಪೆ ಏಳುವ ಮಕ್ಕಳು

ಒಂದು ಕಣ್ಣಿನ ರೆಪ್ಪೆ ಜೋತುಬಿದ್ದ ಕೂಸು ಬಂದರೆ ನಾನು ಮೊದಲೇ ಟಾರ್ಚ್ ಹಿಡಿಯುವುದಿಲ್ಲ. ‘ಸ್ವಲ್ಪ ಹಾಲು ಕುಡಿಸಿ, ನಾನು ಸುಮ್ನೆ ನೋಡ್ತೀನಿ’ ಅನ್ನುತ್ತೇನೆ. ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್ ಕೆಲಸ ಕಲಿಸಿದ ಅಭ್ಯಾಸ ಇದು. ಕೆಲವು ಮಕ್ಕಳಲ್ಲಿ ಚೀಪಿದಾಗಲೆಲ್ಲ ಆ ಬಿದ್ದ ರೆಪ್ಪೆ ಟಕ್ ಅಂತ ಮೇಲೇಳುತ್ತದೆ, ಚೀಪುವುದು ನಿಂತರೆ ಇಳಿಯುತ್ತದೆ. ಅಜ್ಜಿಯರು ಇದನ್ನು ನಮಗಿಂತ ಮೊದಲೇ ಕಂಡಿರುತ್ತಾರೆ: ‘ಹಾಲು ಕುಡಿಯುವಾಗ ಕಣ್ಣು ಹೊಡೀತಾನೆ ನೋಡಿ!’

ಲಂಡನ್ನಿನ ಕಣ್ಣಿನ ವೈದ್ಯ ರಾಬರ್ಟ್ ಮಾರ್ಕಸ್ ಗನ್ 1883ರಲ್ಲಿ 15 ವರ್ಷದ ಹುಡುಗಿಯೊಬ್ಬಳಲ್ಲಿ ಇದನ್ನು ಕಂಡು ವರದಿ ಮಾಡಿದರು. ಹಾಗಾಗಿ ಮಾರ್ಕಸ್ ಗನ್ ಜಾ ವಿಂಕಿಂಗ್ (ದವಡೆ ಆಡಿದಾಗ ಕಣ್ಣು ಹೊಡೆಯುವುದು) ಅನ್ನುತ್ತೇವೆ. ರೆಪ್ಪೆ ಎತ್ತುವ ಸ್ನಾಯು ಮಿದುಳಿನ 3ನೇ ನರದ ಮಾತು ಕೇಳಬೇಕು. ಕಣ್ಣುಗುಡ್ಡೆ ಹೊರಳಿಸುವ 6 ಸ್ನಾಯುಗಳಲ್ಲಿ 4ಕ್ಕೆ ಅದೇ ನರ. ಅಗಿಯುವ ಸ್ನಾಯುಗಳದ್ದು 5ನೇ ನರ. ಈ ಮಕ್ಕಳಲ್ಲಿ ಹುಟ್ಟಿನಿಂದಲೇ 5ನೇ ನರದ ಕೆಲವು ಎಳೆಗಳು ರೆಪ್ಪೆಯ ಸ್ನಾಯುವಿಗೂ ಹೋಗಿ ಸೇರಿರುತ್ತವೆ. ಅಡುಗೆಮನೆ ಸ್ವಿಚ್ ಒತ್ತಿದರೆ ಹಾಲ್‌ನ ಲೈಟೂ ಹತ್ತಿದ ಹಾಗೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಬಾಯಿ ಅಗಲ ಮಾಡು, ದವಡೆ ಮುಂದೆ ತಾ, ಆ ಕಡೆ ಈ ಕಡೆ ಆಡಿಸು ಅನ್ನುತ್ತೇನೆ. ಎಡ ರೆಪ್ಪೆ ಬಿದ್ದಿದ್ದರೆ ದವಡೆ ಬಲಕ್ಕೆ ಹೋದಾಗಲೇ ಅದು ಜಾಸ್ತಿ ಏಳುವುದು. ದವಡೆಯನ್ನು ಬಲಕ್ಕೆ ತಳ್ಳುವುದು ಎಡಗಡೆಯ ಸ್ನಾಯು ಅಲ್ವಾ! ಶಾಲೆಗೆ ಹೋಗುವ ಮಕ್ಕಳು ಕೆಲವೊಮ್ಮೆ ತುಟಿ ಬಿಗಿಹಿಡಿದು ಇದನ್ನು ಮುಚ್ಚಿಡುತ್ತಾರೆ. ಅಂಥವರಿಗೆ ಬಬಲ್ ಗಮ್ ಕೊಟ್ಟು ಬೇರೆ ಮಾತು ತೆಗೆಯುತ್ತೇನೆ.

ರೆಪ್ಪೆಯ ಆಟ ನೋಡಿ ಮುಗಿಸಿದರೆ ಸಾಲದು. ಗೊಂಬೆ ಎತ್ತಿ ಹಿಡಿದು, ಎರಡೂ ಕಣ್ಣು ಸಮನಾಗಿ ಮೇಲೆ ಹೋಗುತ್ತವೆಯೇ ನೋಡುತ್ತೇನೆ. ಕೆಲವರಲ್ಲಿ ಆ ಕಡೆಯ ಕಣ್ಣು ಹಿಂದೆ ಬೀಳುತ್ತದೆ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ ದೃಷ್ಟಿ ಪರೀಕ್ಷೆ, ಹನಿ ಹಾಕಿ ಪವರ್ ಪರೀಕ್ಷೆ. ನನಗೆ ಹೆಚ್ಚು ಚಿಂತೆ ಇರುವುದು ಲೇಜಿ ಐ ಬಗ್ಗೆ, ಅಂದರೆ ಸರಿಯಾಗಿ ಬಳಕೆಯಾಗದೆ ಒಂದು ಕಣ್ಣಿನ ನೋಟ ಮಂದವಾಗುವುದು. ಅದಿದ್ದರೆ ಕನ್ನಡಕ, ಚೆನ್ನಾಗಿರುವ ಕಣ್ಣಿಗೆ ಪ್ಯಾಚ್.

ದವಡೆ ಮಸಾಜ್ ಮಾಡಿದರೆ ಸರಿಹೋಗುತ್ತಾ ಅಂತ ಕೇಳುತ್ತಾರೆ. ಇಲ್ಲ, ನರದ ದಾರಿ ಉಜ್ಜಿದರೆ ಬದಲಾಗುವುದಿಲ್ಲ. ರೆಪ್ಪೆ ಹೀಗೆ ಏಳುವುದು ತುಂಬ ಜೋರಿದ್ದರೆ ಸರ್ಜನ್ ರೆಪ್ಪೆ ಎತ್ತುವ ಸ್ನಾಯುವನ್ನೇ ಬಿಡಿಸಿ, ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುತ್ತಾರೆ. ಸಣ್ಣದಾಗಿದ್ದರೆ ಎಷ್ಟೋ ಸಲ ಆಪರೇಷನ್ ಬೇಕಿಲ್ಲ. ಆದರೆ ರೆಪ್ಪೆ ಕಣ್ಣಿನ ಪಾಪೆಗೇ ಅಡ್ಡ ಬರುತ್ತಿದ್ದರೆ ‘ದೊಡ್ಡವನಾಗಲಿ’ ಅಂತ ಕಾಯಬೇಡಿ, ಕೂಡಲೇ ಮಕ್ಕಳ ಕಣ್ಣಿನ ವೈದ್ಯರಿಗೆ ತೋರಿಸಿ. ಹಾಲು ಕುಡಿಯುವಾಗಿನ ಒಂದು ವಿಡಿಯೋ ಫೋನಿನಲ್ಲಿದ್ದರೆ ಅದನ್ನೂ ತನ್ನಿ.